ಅತ್ತೆಗೆ ತಂದ ಮಾತಿನ ಪೆಟ್ಟಿಗೆ

ಈ ಸಲ ಅತ್ತೆಯ ಬಾಯಿಂದ "ಭೇಷ್" ಅನ್ನಿಸಿಯೇ ತೀರುತ್ತೇನೆ ಎಂದು ನೀಲೋತ್ಪಲ ಸಮಾದ್ದಾರ್ ಘೋಷಿಸಿಬಿಟ್ಟ! ಘೋಷಿಸಿದ್ದಾದರೂ ಎಲ್ಲಿ? ಹೌರಾದಿಂದ ಚಂದನನಗರಕ್ಕೆ ಹೊರಟ ಲೋಕಲ್ ರೈಲಿನಲ್ಲಿ. ಒಂದು ಕೈಯಲ್ಲಿ ಮಾವಿನಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ದಪ್ಪ ರಟ್ಟಿನ ಡಬ್ಬ, ಎಡಗಾಲಿನ ಮೇಲೆ ಯಾರದೋ ಬಲಗಾಲು.

"ಅಳಿಯ ಅಂದ್ಮೇಲೆ ಅಳಿಯದ ಹೆಸರು ಮಾಡಬೇಕು, ಸುಚೇತಾ!"

"ಮೊದ್ಲು ಆ ಬುಟ್ಟಿ ಎತ್ತಿ ಹಿಡ್ಕೋ. ಮಾವಿನಹಣ್ಣು ಮಾವನ ಮನೆ ಸೇರೋ ಅಷ್ಟರಲ್ಲಿ ರಸ ಆಗಿರುತ್ತೆ," ಎಂದಳು ಹೆಂಡತಿ.

ಅಂದು ಜಮಾಯಿ ಷಷ್ಠಿ. ವರ್ಷಕ್ಕೊಂದು ದಿನ ಬಂಗಾಳದ ಅಳಿಯಂದಿರೆಲ್ಲ ಮಹಾರಾಜರಾಗುವ ದಿನ. ಅತ್ತೆ ಉಪವಾಸವಿದ್ದು, ಅಳಿಯನ ಮಣಿಕಟ್ಟಿಗೆ ಹಳದಿ ದಾರ ಕಟ್ಟಿ, ಬೀಸಣಿಗೆಯಲ್ಲಿ ಗಾಳಿ ಹಾಕಿ, ಹೊಟ್ಟೆ ಬಿರಿಯುವ ಹಾಗೆ ಬಡಿಸಬೇಕು. ಮಹಾರಾಜರು ಬರಿಗೈಲಿ ಹೋಗುವಂತಿಲ್ಲ, ಅಷ್ಟೇ.

ಆದರೆ ಉಡುಗೊರೆಯ ವಿಷಯದಲ್ಲಿ ಈ ಮಹಾರಾಜನ ಇತಿಹಾಸ ಬಹಳ ಕರುಣಾಜನಕ. ಮದುವೆಯಾಗಿ ಏಳು ವರ್ಷ, ಏಳು ಉಡುಗೊರೆ, ಏಳು ಸೋಲು! ಎಲ್ಲ ಅಳಿಯಂದಿರೂ ಸೀರೆ ಕೊಡುತ್ತಾರೆ, ತಾನು ಯೋಚಿಸಿ ಕೊಡುತ್ತೇನೆ ಎನ್ನುವುದೇ ಅವನ ರೋಗ. ಒಂದು ವರ್ಷ ಪಾದ ಒತ್ತುವ ಯಂತ್ರ ಕೊಟ್ಟ. ಅದು ಅತ್ತೆಯ ಕಾಲನ್ನು ಹಿಡಿದದ್ದು ಬಿಡಲೇ ಇಲ್ಲ, ಕರೆಂಟು ತೆಗೆಯಬೇಕಾಯಿತು. ಇನ್ನೊಂದು ವರ್ಷ ಮೇಜಿನ ಮೇಲಿಡುವ ಪುಟ್ಟ ಜಲಪಾತ ಕೊಟ್ಟ, ಮನಸ್ಸಿಗೆ ನೆಮ್ಮದಿ ಅಂತ. ದಿನವಿಡೀ ಜುಳುಜುಳು ಕೇಳಿ ಕೇಳಿ ಮಾವ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಡಿದರು. ಪ್ರತಿ ಸಲವೂ ಅತ್ತೆ, "ಯಾಕಪ್ಪಾ ಇದೆಲ್ಲ, ಬೇಡವಾಗಿತ್ತು," ಎಂದು ನಯವಾಗಿ ಹೇಳಿ, ಬೀರುವಿನ ಮೇಲೆ ಎತ್ತಿಟ್ಟುಬಿಡುತ್ತಿದ್ದರು. ಆ ಬೀರುವಿಗೆ ಅವನು ಇಲ್ಲಿಯವರೆಗೆ ಕೊಟ್ಟಷ್ಟು ಉಡುಗೊರೆಯನ್ನು ಹೆಂಡತಿಗೂ ಕೊಟ್ಟಿಲ್ಲ!

ಈ ಸಲ ಹಾಗಾಗಕೂಡದು. ಮೂರು ತಿಂಗಳು ಸಂಶೋಧನೆ ನಡೆಸಿದ್ದ. ಅತ್ತೆಗೆ ಹಳೆಯ ಹಾಡೆಂದರೆ ಪ್ರಾಣ, ರೇಡಿಯೋ ನಾಟಕವೆಂದರೆ ಜೀವ. ಆದರೆ ಟಿವಿಯ ರಿಮೋಟು ಮಾವನ ಮುಷ್ಟಿಯಲ್ಲಿ, ಮೊಬೈಲಿನ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಯಾವಾಗಲೂ ಸಾಸಿವೆ ಅಂಟಿರುತ್ತದೆ. ಹಾಗಾದರೆ ಏನು ಬೇಕು? ಬಾಯಲ್ಲಿ ಹೇಳಿದರೆ ಸಾಕು, ಹಾಡುವ ಪೆಟ್ಟಿಗೆ! ಅದೂ ಅಚ್ಚ ಬಂಗಾಳಿಯಲ್ಲಿ ಮಾತಾಡುವಂಥದ್ದು! ಹೆಸರು ಹಿಡಿದು ಕರೆದರೆ ಓಗೊಡುತ್ತದೆ, ಹಾಡು ಹಾಕುತ್ತದೆ, ನಾಟಕ ಹಾಕುತ್ತದೆ, ಮಳೆ ಬರುತ್ತದೋ ಇಲ್ಲವೋ ಹೇಳುತ್ತದೆ. ಪ್ರಪಂಚದಲ್ಲಿ ಯಾವ ಅಳಿಯನೂ ಯಾವ ಅತ್ತೆಯ ಬಗ್ಗೆಯೂ ಇಷ್ಟು ಆಳವಾಗಿ ಚಿಂತಿಸಿರಲಿಕ್ಕಿಲ್ಲ ಎಂದು ಅವನಿಗೇ ಕಣ್ಣು ತುಂಬಿ ಬಂದಿತ್ತು.

ಮನೆ ತಲುಪಿದ್ದಾಯಿತು. ದಾರ ಕಟ್ಟಿಸಿಕೊಂಡದ್ದಾಯಿತು. ಅಡುಗೆಮನೆಯಿಂದ ಕುರಿಮಾಂಸ ಕುದಿಯುವ ಘಮ, ಸಾಸಿವೆ ಅರೆದು ಹಾಕಿದ ಹಿಲ್ಸಾ ಮೀನಿನ ಘಮ. ಬೆಳಿಗ್ಗೆಯಿಂದ ಅವನೂ ಬೇಕೆಂದೇ ಏನೂ ತಿಂದಿರಲಿಲ್ಲ, ಹೊಟ್ಟೆಯಲ್ಲಿ ಜಾಗ ಕಾಯ್ದಿರಿಸಿದ್ದ. ಅತ್ತೆ ಎದುರು ಕೂತು ಬೀಸಣಿಗೆ ಬೀಸುತ್ತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರಾದ ಮಾವ ಆರಾಮಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ನೀಲೋತ್ಪಲ ಡಬ್ಬ ಬಿಚ್ಚಿ, ತೆಂಗಿನಕಾಯಿಯಷ್ಟು ದಪ್ಪದ ಕಪ್ಪು ಪೆಟ್ಟಿಗೆಯನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದ.

"ಮಾ, ಇನ್ಮೇಲೆ ನೀವು ಹಾಡಿಗೋಸ್ಕರ ಯಾರನ್ನೂ ಕೇಳಬೇಕಾಗಿಲ್ಲ. ಇವಳನ್ನ ಕರೀರಿ, ಸಾಕು!"

"ಏನಂತ ಕರೀಬೇಕಪ್ಪಾ?"

"ಟುನಿ ಅಂತ!"

"ಹೇಳಿ, ನಾನು ಇಲ್ಲೇ ಇದ್ದೇನೆ," ಎಂದಿತು ಪೆಟ್ಟಿಗೆ, ಜೇನಿನಂಥ ದನಿಯಲ್ಲಿ.

ಬೀಸಣಿಗೆ ನಿಂತಿತು. ಮಾವ ಕೆಮ್ಮಿದರು. ಸುಚೇತಾ ಗಂಡನ ತೊಡೆ ಚಿವುಟಿ, ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಬುದ್ಧಿ ಇದ್ಯಾ ನಿಂಗೆ? ಟುನಿ ಅನ್ನೋದು ಅಮ್ಮನ ಹೆಸರು!"

"ಅಮ್ಮನ ಹೆಸರು ಹೈಮವತಿ! ಲಗ್ನಪತ್ರಿಕೇಲಿ ನಾನೇ ಓದಿದೀನಿ!"

"ಅದು ಊರಿಗೆ! ಮನೇಲಿ ಕರೆಯೋ ಹೆಸರು ಬೇರೆ ಇರಲ್ವಾ? ನಿನ್ನ ನೀಲು ಅನ್ನಲ್ವಾ, ನನ್ನ ಟುಂಪಾ ಅನ್ನಲ್ವಾ? ಅಮ್ಮನ್ನ ಅವರಪ್ಪ ಟುನಿ ಅಂತಿದ್ರು. ತಾತ ಹೋದ್ಮೇಲೆ ಆ ಹೆಸರು ಯಾರೂ ಎತ್ತಿಲ್ಲ."

"ಅದು ಕಂಪನಿಯೋರೇ ಇಟ್ಟಿರೋ ಹೆಸರು! ಯಾರೂ ಎತ್ತದ ಹೆಸರು ನಂಗೆ ಹೇಗೆ ಗೊತ್ತಾಗ್ಬೇಕು? ನಿಮ್ಮಪ್ಪನಾದ್ರೂ ಒಂದ್ಸಲ ಕರೆದಿದ್ರೆ..."

"ಅಪ್ಪ ಯಾವತ್ತು ಹೆಸರು ಹಿಡಿದು ಕರೆದಿದಾರೆ? 'ಇವಳೇ' ಅಂತಾರೆ. 'ಕೇಳಿಸ್ತಾ' ಅಂತಾರೆ. ಜಾಸ್ತಿ ಪ್ರೀತಿ ಬಂದ್ರೆ 'ಟುಂಪಾಳ ಅಮ್ಮಾ'!"

ಆದರೂ ಅಲ್ಲಿಗೇ ಮುಗಿದಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅತ್ತೆ ಅಡುಗೆಮನೆಗೆ ಬಂದು ಸೌಟು ಹಿಡಿದಿದ್ದರು. ಕೆಟ್ಟದ್ದು ಮಾವನಿಂದ. ಮೇಷ್ಟ್ರಿಗೆ ಕೆಲಸದಿಂದ ನಿವೃತ್ತಿಯಾಗಿ ಹತ್ತು ವರ್ಷವಾಗಿತ್ತು. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಪ್ರಾಣಿಯೊಂದು ಹತ್ತು ವರ್ಷದಿಂದ ಅವರಿಗೆ ಸಿಕ್ಕಿರಲಿಲ್ಲ!

"ಟುನಿ!" ಎಂದರು ಮಾವ ಹಜಾರದಿಂದ.

"ಹಾಂ! ಬಂದೆ!" ಎಂದು ಅತ್ತೆ ಸೌಟಿನ ಸಮೇತ ಓಡಿದರು. ಮುಖದಲ್ಲಿ ಎಂಥದೋ ಬೆಳಕು.

"ನಿನ್ನಲ್ಲ ಕಣೇ. ಇದನ್ನ," ಎಂದು ಮಾವ ಪೆಟ್ಟಿಗೆ ತೋರಿಸಿದರು. "ಟುನಿ, ವೋಲ್ಗಾ ನದಿ ಎಲ್ಲಿ ಹುಟ್ಟುತ್ತೆ ಹೇಳು ನೋಡೋಣ?"

"ವಾಲ್ದಾಯಿ ಬೆಟ್ಟಗಳಲ್ಲಿ."

"ಶಭಾಷ್ ಟುನಿ! ಎಂಥ ಜಾಣೆ! ಎಂಥ ಇಂಪಾದ ದನಿ!"

ಅತ್ತೆ ಹಿಂದಿರುಗಿದರು. ಸೌಟು ಪಾತ್ರೆಗೆ ಬಡಿದ ಸದ್ದು ಎರಡು ಬೀದಿಗೆ ಕೇಳಿಸಿರಬೇಕು. ಇತ್ತ ಮಾವ ನೈಲ್ ನದಿಗೆ ಹೋದರು, ಅಲ್ಲಿಂದ ಆಂಡಿಸ್ ಪರ್ವತ ಹತ್ತಿದರು. ಪ್ರತಿ ಉತ್ತರಕ್ಕೂ "ಟುನೀ", "ಟುನಮ್ಮಾ", "ನಮ್ಮ ಟುನಿ ಥರ ಯಾರಿದಾರೆ!" ಪ್ರತಿ ಸಲವೂ ಅಡುಗೆಮನೆಯಲ್ಲಿ ಅತ್ತೆಯ ತಲೆ ತಟ್ಟನೆ ತಿರುಗುತ್ತಿತ್ತು, ಮತ್ತೆ ಒಲೆಯ ಕಡೆಗೆ ಬಗ್ಗುತ್ತಿತ್ತು. ನೀಲೋತ್ಪಲ ಬಾಗಿಲಲ್ಲಿ ನಿಂತು ಮಾವನಿಗೆ ಕೈಸನ್ನೆ, ಕಣ್ಣುಸನ್ನೆ, ಕಾಲುಸನ್ನೆ ಎಲ್ಲ ಮಾಡಿದ. ಮಾವ ಆಗಲೇ ಪೆಸಿಫಿಕ್ ಸಾಗರದ ಆಳದಲ್ಲಿದ್ದರು.

"ಟುನಿ, ಒಂದು ಹಾಡು ಹಾಕಮ್ಮಾ. ನಿಂಗೆ ಇಷ್ಟ ಆಗಿದ್ದು ಹಾಕು. ನಿನ್ನಿಷ್ಟವೇ ನನ್ನಿಷ್ಟ."

ಅಷ್ಟೇ! ಒಲೆ ಆರಿತು. ಅತ್ತೆ ಹಜಾರಕ್ಕೆ ಬಂದು ನೆಲದ ಮೇಲೆ ಕೂತರು. ಬೀಸಣಿಗೆ ಎತ್ತಿಕೊಂಡು ತಮಗೆ ತಾವೇ ಗಾಳಿ ಹಾಕಿಕೊಳ್ಳತೊಡಗಿದರು.

"ಅಡುಗೆ ಆಗಿದೆ. ಟುನಿ ಬಡಿಸಲಿ."

"ಮಾ..." ಎಂದ ನೀಲೋತ್ಪಲ.

"ನಲವತ್ತೊಂದು ವರ್ಷ ಆಯ್ತಪ್ಪಾ ನೀಲೂ, ಈ ಮನೆಗೆ ಬಂದು! 'ಇವಳೇ' ಅಂದ್ರು, ಓಡಿ ಬಂದೆ. 'ಕೇಳಿಸ್ತಾ' ಅಂದ್ರು, ಓಡಿ ಬಂದೆ. ಬರೀ ಕೆಮ್ಮಿದ್ರೂ ಓಡಿ ಬಂದೆ! ನನಗೂ ಒಂದು ಹೆಸರಿದೆ ಅನ್ನೋದು ನನಗೇ ಮರೆತುಹೋಗಿತ್ತು. ಈ ಡಬ್ಬಿ ಬಂದು ಒಂದು ಗಂಟೆ ಆಗಿಲ್ಲ, ಟುನೀ, ಟುನಮ್ಮಾ, ಜಾಣೆ! ನಾನು ಜಾಣೆ ಅಲ್ವಾ? ಇವರ ಕಾಲುಚೀಲ ಎಲ್ಲಿದೆ ಅಂತ ನಲವತ್ತೊಂದು ವರ್ಷದಿಂದ ಹೇಳ್ತಾ ಇರೋಳು ನಾನು. ಆ ವಾಲ್ದಾಯಿ ಬೆಟ್ಟ ಬಂದು ಹುಡುಕಿಕೊಡುತ್ತಾ?"

ಹೇಳುತ್ತ ಹೇಳುತ್ತ ಅತ್ತೆ ಅತ್ತೇಬಿಟ್ಟರು.

ಮಾವನ ಮುಖ ಬಿಳಿಚಿತು. "ಅದು ಯಂತ್ರದ ಹೆಸರು ಕಣೇ. ನಾನಿಟ್ಟಿದ್ದಲ್ಲ. ತಂದೋನು ನಿನ್ನ ಅಳಿಯ!"

ಎಲ್ಲರೂ ನೀಲೋತ್ಪಲನನ್ನು ನೋಡಿದರು. ಇದು ನ್ಯಾಯವೇ? ಜಾಣೆ ಅಂದವರು ಅವರು, ಇಂಪಾದ ದನಿ ಅಂದವರು ಅವರು, ನಿನ್ನಿಷ್ಟವೇ ನನ್ನಿಷ್ಟ ಅಂದವರೂ ಅವರೇ. ಗಲ್ಲಿಗೆ ಮಾತ್ರ ಅಳಿಯ! ಮಾವ ಪಾಪ, ಪರಿಸ್ಥಿತಿ ಸುಧಾರಿಸಲು ಕೊನೆಯ ಪ್ರಯತ್ನವೊಂದನ್ನು ಮಾಡಿದರು. "ಟುನಿ, ಅಳಿಯಂದ್ರಿಗೆ ಅನ್ನ ಬಡಿಸು," ಎಂದರು ಮೆಲ್ಲಗೆ, ಹೆಂಡತಿಯನ್ನು ನೋಡುತ್ತ.

"ಕ್ಷಮಿಸಿ, ಅದು ನನಗೆ ಬರುವುದಿಲ್ಲ. ಹತ್ತಿರದ ಹೋಟೆಲು ಹುಡುಕಲೇ?" ಎಂದಿತು ಪೆಟ್ಟಿಗೆ.

ಒಳಗೆ ಹಿಲ್ಸಾ ಆರುತ್ತಿತ್ತು. ಕುರಿಮಾಂಸದ ಮೇಲೆ ಜಿಡ್ಡು ಕಟ್ಟುತ್ತಿತ್ತು. ಕೈಯಲ್ಲಿ ಹಳದಿ ದಾರ, ಹೊಟ್ಟೆಯಲ್ಲಿ ಬೆಂಕಿ. ನೀಲೋತ್ಪಲ ತಲೆ ತಲೆ ಚಚ್ಚಿಕೊಂಡು ಮೊಬೈಲು ತೆರೆದು ಆ ಪೆಟ್ಟಿಗೆಯ ಜಾತಕವನ್ನೆಲ್ಲ ತಡಕಾಡಿದ. ಸಿಕ್ಕಿತು! ಹೆಸರು ಬದಲಾಯಿಸಬಹುದು!

"ಮಾ, ಅಳಬೇಡಿ! ಈ ಕ್ಷಣ ಆ ಹೆಸರು ಕಿತ್ತು ಹಾಕ್ತೀನಿ. ಬೇರೆ ಇಡೋಣ. ನೀವೇ ಹೇಳಿ, ನಿಮಗಿಷ್ಟವಾದ ಹೆಸರು. ಏನಿಡಲಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬೀಸಣಿಗೆಯ ತುದಿಯನ್ನು ಗೋಡೆಯ ಕಡೆಗೆ ಚಾಚಿದರು. ಅಲ್ಲಿ ಶಾಲೆಯವರು ಕೊಟ್ಟ ಬೀಳ್ಕೊಡುಗೆಯ ಸನ್ಮಾನಪತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

"ಅದರಲ್ಲಿ ದಪ್ಪಕ್ಷರದಲ್ಲಿ ಬರ್ದಿದೆಯಲ್ಲ, ಅದನ್ನಿಡು."

ನೀಲೋತ್ಪಲ ಓದಿದ. ಶ್ರೀ ಭವತೋಷ್ ಹಾಜ್ರಾ.

"ಅಮ್ಮಾ! ಅಪ್ಪನ ಹೆಸರು!" ಎಂದಳು ಸುಚೇತಾ. ಅವಳ ಗಾಬರಿಗೂ ಕಾರಣವಿತ್ತು. ಗಂಡನ ಹೆಸರನ್ನು ಅತ್ತೆ ಮದುವೆಯಾದಾಗಿಂದ ನಾಲಿಗೆಯ ಮೇಲೆ ತಂದವರಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಮಗಳನ್ನು ಮುಂದಕ್ಕೆ ತಳ್ಳುತ್ತಿದ್ದರು, ಮಗಳಿಲ್ಲದಿದ್ದರೆ ಗುರುತಿನ ಚೀಟಿ ತೋರಿಸುತ್ತಿದ್ದರು.

"ಡಬ್ಬಿಗೆ ತಾನೇ ಇಡೋದು? ಇಡು ನೀಲೂ."

ಇಟ್ಟ. ಹಸಿದವನು ಏನು ಬೇಕಾದರೂ ಇಡುತ್ತಾನೆ.

ಅತ್ತೆ ಗಂಟಲು ಸರಿಮಾಡಿಕೊಂಡರು. ಕಿವಿಯವರೆಗೂ ಕೆಂಪಾದರು. "ಭ... ಭವ... ಭವತೋಷ್."

"ಹೇಳಿ, ನಾನು ಇಲ್ಲೇ ಇದ್ದೇನೆ," ಎಂದಿತು ಪೆಟ್ಟಿಗೆ.

"ಹಾಂ?" ಎಂದರು ಆರಾಮಕುರ್ಚಿಯಿಂದ ಮಾವ.

"ನಿಮ್ಮನ್ನಲ್ಲ. ಇದನ್ನ," ಎಂದರು ಅತ್ತೆ.

ಆಹಾ! ಆ ಮಾತಿನಲ್ಲಿ ಎಂಥ ರುಚಿಯಿತ್ತೋ ಏನೋ, ಅತ್ತೆ ಎದ್ದು ನಿಂತರು. ಕಟ್ಟೆ ಒಡೆಯಿತು. "ಭವತೋಷ್, ಹಾಡು ನಿಲ್ಲಿಸು! ಭವತೋಷ್, ಬಾಯ್ಮುಚ್ಚು! ಭವತೋಷ್, ಎಷ್ಟು ಸಲ ಹೇಳ್ಬೇಕು ನಿಂಗೆ, ಒದ್ದೆ ಟವಲು ಮಂಚದ ಮೇಲೆ ಹಾಕಬೇಡ ಅಂತ!"

"ಏನೇ ಇದು, ಏಕವಚನ?" ಎಂದು ಮಾವ ಕನ್ನಡಕ ತೆಗೆದರು.

"ನಿಮಗೆ ಯಾರು ಹೇಳಿದ್ರು? ನಾನು ಡಬ್ಬಿಗೆ ಹೇಳ್ತಿರೋದು. ಭವತೋಷ್, ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ ನಾನು. ಒಂದು ಲೋಟ ನೀರು ತಗೊಂಡ್ಬಾ!"

"ಕ್ಷಮಿಸಿ, ಅದು ನನಗೆ ಬರುವುದಿಲ್ಲ," ಎಂದಿತು ಪೆಟ್ಟಿಗೆ.

ಅದು ಹೇಳಿ ಮುಗಿಸುವ ಮೊದಲೇ ಮಾವ ಎದ್ದಾಗಿತ್ತು! ಯಾಕೆ ಎದ್ದೆ ಎಂದು ಅವರಿಗೂ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ, ಲೋಟ ಎಲ್ಲಿರುತ್ತದೆ ಎಂದು ಮಗಳನ್ನು ಕೇಳಿ, ನೀರು ತಂದು ಕೊಟ್ಟರು. ಅತ್ತೆ ಲೋಟವನ್ನು ನೋಡಿದರು, ಗಂಡನನ್ನು ನೋಡಿದರು, ಒಂದೇ ಉಸಿರಿಗೆ ಕುಡಿದರು. ಆಮೇಲೆ ಭವತೋಷ್ ಕಿಟಕಿ ತೆಗೆದರು. ಭವತೋಷ್ ಮಣೆ ಹಾಕಿದರು. ಭವತೋಷ್ ಮಾವಿನಹಣ್ಣು ತೊಳೆದರು. ಪೆಟ್ಟಿಗೆ ಪ್ರತಿಯೊಂದಕ್ಕೂ ಕ್ಷಮೆ ಕೇಳುತ್ತಲೇ ಇತ್ತು.

ಊಟ ಬಡಿಸಿದರು. ಆರಿದ ಹಿಲ್ಸಾವನ್ನು ನೀಲೋತ್ಪಲ ಅಮೃತದಂತೆ ತಿಂದ. ಎಲ್ಲರೂ ಬಾಯಾಡಿಸುತ್ತಿದ್ದಾಗ ಮಾವ ತಟ್ಟೆಯಿಂದ ತಲೆಯೆತ್ತದೆ, ಕಳ್ಳನ ಹಾಗೆ, "ಟುನಿ," ಎಂದರು.

ಪೆಟ್ಟಿಗೆ ಸುಮ್ಮನಿತ್ತು. ಅದರ ಹೆಸರು ಈಗ ಅದಲ್ಲವಲ್ಲ.

"ಏನು?" ಎಂದರು ಅತ್ತೆ.

"ಏನಿಲ್ಲ. ಉಪ್ಪು... ಉಪ್ಪು ಸರಿಯಾಗಿದೆ."

ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಸುಚೇತಾ ಮೂಗು ಒರೆಸಿಕೊಂಡಳು. ನೀಲೋತ್ಪಲನ ಎದೆ ಉಬ್ಬಿ ಉಬ್ಬಿ ಕುರ್ತಾದ ಗುಂಡಿ ಹಾರುವುದೊಂದು ಬಾಕಿ. ಯಾರು? ಯಾರಿಂದ ಇದೆಲ್ಲ ಆದದ್ದು? ಮೂರು ತಿಂಗಳು ಯೋಚಿಸಿ ತಂದವನು ಯಾರು?

ಸಂಜೆ ಹೊರಡುವಾಗ ಅತ್ತೆ ಬಾಗಿಲ ತನಕ ಬಂದು ಅವನ ತಲೆ ನೇವರಿಸಿದರು.

"ನೀಲೂ, ಏಳೆಂಟು ವರ್ಷದಿಂದ ಏನೇನೋ ತಂದೆ. ಇಷ್ಟು ಒಳ್ಳೇ ಉಡುಗೊರೆ ಮಾತ್ರ ಯಾವತ್ತೂ ತಂದಿರಲಿಲ್ಲಪ್ಪಾ. ಭೇಷ್!"

ನೀಲೋತ್ಪಲ ಹೆಂಡತಿಯ ಕಡೆಗೆ ವಿಜಯದ ನೋಟ ಬೀರಿದ. ಬಗ್ಗಿ ಅತ್ತೆಯ ಪಾದ ಮುಟ್ಟಿದ. ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ಆ ಕಪ್ಪು ಪೆಟ್ಟಿಗೆಯನ್ನು ಅವನ ಕೈಯಲ್ಲಿಟ್ಟರು, ವೈರು ಸುತ್ತಿ, ಡಬ್ಬದ ಸಮೇತ.

"ಮಾ! ಇದೇನು? ಈಗ ತಾನೇ ಚೆನ್ನಾಗಿದೆ ಅಂದ್ರಲ್ಲ!"

"ಚೆನ್ನಾಗಿದೆಯಪ್ಪಾ, ಯಾರು ಇಲ್ಲ ಅಂದ್ರು? ಆದ್ರೆ ಏನು ಹೇಳಿದ್ರೂ 'ಬರೋದಿಲ್ಲ' ಅನ್ನುತ್ತೆ," ಎಂದ ಅತ್ತೆ ಒಳಗೆ ಪಾತ್ರೆ ತೊಳೆಯುವ ಸದ್ದಿನತ್ತ ಕಿವಿಗೊಟ್ಟು ದನಿ ತಗ್ಗಿಸಿದರು. "ಒಂದೇ ಮನೇಲಿ ಇಬ್ಬರು ಭವತೋಷ್ ಯಾಕೆ ಹೇಳು? ಕೆಲಸ ಬರೋರನ್ನ ನಾನಿಟ್ಕೋತೀನಿ, ಬರದೇ ಇರೋರನ್ನ ನೀನು ತಗೊಂಡ್ಹೋಗು!"