ಹೆಂಡತಿ ಜಗಳೂರಿಗೆ, ಮನೆ ಖರ್ಚು ನನ್ನ ಕೈಗೆ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಊರಿನವರ ದುಡ್ಡು ಎಣಿಸುವವನು ಮನೆಯ ದುಡ್ಡಿಗೆ ಕೈ ಹಾಕಿದರೆ ಏನೇನಾಗಬೇಕೋ ಅದು ನಮ್ಮನೆಯಲ್ಲಿ ವಾರಕ್ಕೊಂದು ಸಲ ಆಗುತ್ತಲೇ ಇರುತ್ತದೆ. ನನ್ನ ಹೆಂಡತಿ ನರ್ಸು. ಚನ್ನಗಿರಿಯಿಂದ ಜಗಳೂರಿಗೆ ವರ್ಗವಾಯಿತು. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್. ಏಳನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ಮನೆ ಖರ್ಚು, ಮೂರೂ ನನ್ನ ಪಾಲಿಗೆ ಬಂದವು.

ಹನ್ನೆರಡನೇ ತಾರೀಕು

ಪ್ರತಿ ತಿಂಗಳು ಅವಳ ಕೈಗೆ ಕೊಡುತ್ತಿದ್ದಷ್ಟೇ ದುಡ್ಡನ್ನು ಆ ತಿಂಗಳು ನನ್ನ ಕೈಗೆ ನಾನೇ ಕೊಟ್ಟುಕೊಂಡೆ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ. ಹಾಲಿಗೆ ಹಸಿರು, ದಿನಸಿಗೆ ಹಳದಿ. ಹನ್ನೆರಡನೇ ತಾರೀಕಿಗೆ ಬಣ್ಣಗಳು ಉಳಿದವು, ದುಡ್ಡು ಉಳಿಯಲಿಲ್ಲ. ನಾಚಿಕೆ ಬಿಟ್ಟು ಫೋನ್ ಮಾಡಿದೆ.

"ನಿಂಗೆ ತಿಂಗಳು ಪೂರ್ತಿ ಹೆಂಗೆ ಸಾಲ್ತಿತ್ತೇ?"

"ಎಲ್ಲಿ ಸಾಲ್ತಿತ್ತು? ನಂಗೂ ಹನ್ನೆರಡಕ್ಕೇ ಮುಗೀತಿತ್ತು."

"ಮತ್ತೆ ಮಿಕ್ಕಿದ್ದು ಹದಿನೆಂಟು ದಿನ?"

"ಮನೆ ನಡೆಸಾದು ಅಂದ್ರೆ ಅದೇ ಕಣ್ರೀ. ಮೊದಲ ಹನ್ನೆರಡು ದಿನ ಯಾರು ಬೇಕಾದ್ರೂ ನಡೆಸ್ತಾರೆ."

ಫೋನ್ ಇಟ್ಟ ಮೇಲೆ ನೋಡಿಕೊಂಡರೆ, ಮ್ಯಾನೇಜರ್ ಒಳಗೆ ಬಂದಾಗ ಏಳುವ ಹಾಗೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

ಟೊಮೊಟೊ

ತರಕಾರಿ ಮಾರುವ ಹೆಂಗಸು ಕೆರೆಬಿಳಚಿಯವಳು. ನನ್ನ ಹೆಂಡತಿ ಅವಳ ಹತ್ತಿರವೇ ತಗೊಳ್ಳುತ್ತಿದ್ದಳು. ನಾನೂ ಹೋಗಿ ಟೊಮೊಟೊ ರೇಟು ಕೇಳಿದೆ.

"ಕೆಜಿ ನಲವತ್ತು ಸಾರ್."

ನಲವತ್ತು ತೆಗೆದು ಕೊಟ್ಟೆ. ಅವಳು ದುಡ್ಡು ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಯಾಕ್ ಸಾರ್, ಮನೇಲಿ ಎಲ್ಲಾರೂ ಹುಷಾರಾಗವ್ರಾ?"

"ಹುಷಾರಾಗವ್ರೆ. ಯಾಕಮ್ಮಾ?"

"ನಿಮ್ಮನೆಯೋರು ನಲವತ್ತು ಕೊಟ್ಟಿದ್ದು ನಾನು ನೋಡೇ ಇಲ್ಲ. ಅಕ್ಕಾರ ರೇಟು ಇಪ್ಪತ್ತೆಂಟು, ಮೇಲೆ ಕರಿಬೇವು ಪುಕ್ಕಟೆ. ಅಷ್ಟೇ ಕೊಡ್ರಿ. ಶನಿವಾರ ಅವರು ಬಂದು ಕೇಳಿದ್ರೆ ನಂಗೆ ಉತ್ತರ ಕೊಡಾಕೆ ಆಗಲ್ಲ."

ಹೆಂಡತಿ ಅರವತ್ತು ಮೈಲಿ ದೂರದಲ್ಲಿದ್ದಳು. ಅವಳ ಚೌಕಾಸಿ ಮಾತ್ರ ಇಲ್ಲೇ ಕಾವಲು ನಿಂತಿತ್ತು.

ಹೊನ್ನಾಳಿಯ ಮುಯ್ಯಿ

ಹೊನ್ನಾಳಿಯಲ್ಲಿ ನೆಂಟರ ಮದುವೆ. ಮುಯ್ಯಿ ಬರೆದುಕೊಳ್ಳುವವರ ಮುಂದೆ ಸಾಲಿನಲ್ಲಿ ನಿಂತಾಗ ಎಷ್ಟು ಹಾಕಬೇಕೋ ತಿಳಿಯಲಿಲ್ಲ. ಫೋನ್ ಮಾಡಿದರೆ ಹೆಂಡತಿ ಎತ್ತಲಿಲ್ಲ. ಹಿಂದಿನವರು ಒತ್ತುತ್ತಿದ್ದರು. ಮರ್ಯಾದೆಗೆ ಅಂಜಿ ಸಾವಿರದೊಂದು ಬರೆಸಿದೆ. ಈಚೆಗೆ ಬಂದ ಮೇಲೆ ಅವಳೇ ಫೋನ್ ಮಾಡಿದಳು.

"ಡ್ರಿಪ್ ಹಾಕ್ತಿದ್ದೆ, ಏನ್ರೀ?" ಅಂದಳು. ಮುಯ್ಯಿ ಎಷ್ಟು ಹಾಕಬೇಕು ಅಂತಷ್ಟೇ ಕೇಳಿದೆ.

"ನಮ್ಮ ಗೃಹಪ್ರವೇಶಕ್ಕೆ ಅವರು ಹಾಕಿದ್ದು ಇನ್ನೂರೈವತ್ತು. ಮಗಳ ನಾಮಕರಣಕ್ಕೆ ಒಂದು ಸ್ಟೀಲ್ ಡಬ್ಬಿ, ಅದರ ಮುಚ್ಚಳ ಇವತ್ತಿಗೂ ಕೂರಲ್ಲ. ಐನೂರು ಹಾಕಿದ್ರೆ ಸಾಕು."

ಹದಿಮೂರು ವರ್ಷದ ಹಿಂದಿನ ಮುಚ್ಚಳ! ನಾನು ಮೆಲ್ಲಗೆ, "ಸಾವಿರದೊಂದು ಹಾಕಿಬಿಟ್ಟೆ ಕಣೇ" ಅಂದೆ.

"ಹಂಗಾದ್ರೆ ಎರಡು ಪಂಕ್ತಿ ಕೂತು ಉಂಡು ಬರ್ರಿ" ಅಂದಳು.

ಫೀಸು

ಎರಡನೇ ತಿಂಗಳು ಬಲು ಹುಷಾರಾಗಿ ನಡೆಸಿದೆ. ಆದರೆ ಮಗಳ ಫೀಸಿನ ಎರಡನೇ ಕಂತಿಗೆಂದು ತೆಗೆದಿಟ್ಟಿದ್ದು ಮಗನ ಜ್ವರಕ್ಕೆ, ಗ್ಯಾಸ್ ಸಿಲಿಂಡರಿಗೆ ಹೋಯಿತು. ಶಾಲೆಯಿಂದ ಚೀಟಿ ಬಂತು: ನಾಳೆಯೇ ಕಡೆಯ ದಿನ. ಹೆಂಡತಿಯನ್ನು ಕೇಳಲು ಮನಸ್ಸು ಬರಲಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಅನ್ನ ಕಲಸುತ್ತಲೇ ಇದ್ದೆ. ಮಗಳು ನೋಡಿದಳು.

"ಅಪ್ಪಾಜಿ, ದುಡ್ಡು ಮುಗೀತಾ?"

ತಲೆ ಆಡಿಸಿದೆ.

"ಹಂಗಲ್ಲ. ಬಾಯಿ ಬಿಟ್ಟು ಹೇಳ್ರಿ."

"ಮುಗೀತು ಕಣವ್ವಾ."

ಎದ್ದುಹೋಗಿ ತನ್ನ ಪುಸ್ತಕದ ನಡುವಿನಿಂದ ಒಂದು ಕವರು ತಂದಳು. ಒಳಗೆ ಫೀಸಿನ ದುಡ್ಡು, ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಅಮ್ಮ ಕೊಟ್ಟಿದ್ಲು. ನೀವಾಗಿ ಮುಗೀತು ಅನ್ನೋವರೆಗೂ ತೋರಿಸಬೇಡ ಅಂದಿದ್ಲು."

ಜಗಳೂರಿಗೆ ಫೋನ್ ಹಚ್ಚಿದೆ. "ಕವರು ಸಿಕ್ತು ಕಣೇ" ಅಂದೆ.

"ಇವತ್ತು ಎಷ್ಟು ತಾರೀಕು?"

"ಇಪ್ಪತ್ತಾರು."

ಆ ಕಡೆ ಒಂದು ಕೂಗು ಕೇಳಿತು. "ಗೆದ್ದೆ! ಎಲ್ಲಾರೂ ದುಡ್ಡು ತಗೀರಿ!"

ಆಮೇಲೆ ನನಗೆ ಹೇಳಿದಳು: "ನಾವು ಐದು ಜನ ನರ್ಸುಗಳು ತಲಾ ನೂರು ರೂಪಾಯಿ ಪಂದ್ಯ ಕಟ್ಟಿದ್ವಿ, ಈ ತಿಂಗಳು ನೀವು ಯಾವತ್ತು ಮುಗೀತು ಅಂತೀರಾ ಅಂತ. ಅವರೆಲ್ಲಾ ಇಪ್ಪತ್ತು ದಾಟಲ್ಲ ಅಂದ್ರು. ನಾನೊಬ್ಬಳೇ, ನಮ್ಮನೆಯೋರು ಇಪ್ಪತ್ತೈದು ದಾಟ್ತಾರೆ ಅಂದಿದ್ದೆ."

ಅವಳು ಅತ್ತ ತಿರುಗಿ, "ನಾಕೂ ಜನ ಆ ನೂರು ನೂರು ನಮ್ಮನೆಯೋರ ನಂಬರಿಗೇ ಹಾಕ್ರಿ. ತಿಂಗಳ ಕಡೇ ನಾಕು ದಿನ ಕಳೀತದೆ" ಅನ್ನುವುದು ಕೇಳಿಸಿತು.

ಕೈಯಲ್ಲಿದ್ದ ಫೋನು ಟಿಣ್ ಟಿಣ್ ಎಂದು ನಾಲ್ಕು ಸಲ ಬಡಿದುಕೊಂಡಿತು. ದುಡ್ಡು ಖಾಲಿಯಾಗಿದ್ದರಿಂದಲೇ ದುಡ್ಡು ಹುಟ್ಟಿಸುವ ವಿದ್ಯೆ ಯಾವ ಬ್ಯಾಂಕಿನಲ್ಲೂ ಕಲಿಸಿಲ್ಲ.