ಎರಡು ಕೈಗಳ ಸಾಕ್ಷಿ

ಮನುಷ್ಯನ ಚರ್ಮವನ್ನು ಒಂಟಿ ಸೂಜಿಯಿಂದ ಚುಚ್ಚುವುದು ಮೇಲೋ, ಸೂಜಿಗಳೇ ಹಲ್ಲಾಗಿರುವ ಬಾಚಣಿಗೆಯಿಂದ ಚುಚ್ಚುವುದು ಮೇಲೋ ಎಂಬ ಗಹನವಾದ ಪ್ರಶ್ನೆ ಆ ಬೆಳಿಗ್ಗೆ ಆಸ್ಪತ್ರೆಯ ಅಲರ್ಜಿ ವಿಭಾಗದಲ್ಲಿ ಇತ್ಯರ್ಥವಾಗಬೇಕಿತ್ತು. ಅದಕ್ಕೆ ಎರಡು ಕೈಯಿರುವ ರೋಗಿಯೊಬ್ಬ ಬೇಕಿತ್ತು. ಸೀನಪ್ಪ ಸಿಕ್ಕಿದ.

ಬೇಕರಿಯಲ್ಲಿ ಹಿಟ್ಟು ನಾದುವ ಅವನಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ಜೊತೆಯ ಕೆಲಸದವರು. ಮೊದಮೊದಲು ಬರೀ ಸೀನು. ಈಗೀಗ ಮೂಟೆ ಬಿಚ್ಚಿದರೆ ಸಾಕು, ಎದೆ ತೂತುಬಿದ್ದ ತಿದಿಯಂತೆ ಕುಂಯ್‌ಗುಡುತ್ತಿತ್ತು. ಹೋದ ವಾರ ಉಸಿರು ಸಿಗದೆ ಮೂಟೆಯ ಮೇಲೇ ಒರಗಿದ್ದ.

"ಹಿಟ್ಟೇ ಕಾರಣ ಅಂತ ರುಜುವಾತು ತಾ, ಮುಂದೆ ಕೌಂಟರಿಗೆ ಹಾಕ್ತೀನಿ. ಇಲ್ದಿದ್ರೆ ನಾಟಕ ಸಾಕು," ಎಂದಿದ್ದ ಮಾಲೀಕ.

ಗೋದಿಯ ರಸ ಚುಚ್ಚಿದ ಕಡೆ ಚರ್ಮ ಉಬ್ಬಿದರೆ ಅದೇ ರುಜುವಾತು; ಬದುಕಬೇಕಾದರೆ ಮುಂಗೈ ಮೇಲೊಂದು ದದ್ದು ಏಳಲೇಬೇಕಿತ್ತು.

ಎಡಗೈ ಕಿರಿಯ ನರ್ಸಿನ ಪಾಲಾಯಿತು, ಅವಳದು ಸೂಜಿ. ಬಲಗೈ ಹಿರಿಯಳಿಗೆ, ಅವಳ ಬಾಚಣಿಗೆಗೆ ಎಂಟು ಹಲ್ಲು. ಗೋದಿ, ದೂಳು, ಪರಾಗಗಳ ರಸ ಎರಡೂ ಕೈಗೆ ಇಳಿಯಿತು.

"ನೋವಾಯ್ತಾ?" ಎಂದಳು ಕಿರಿಯಳು.

"ಇರುವೆ ಕಚ್ಚಿದ ಹಾಗೆ."

"ನಂದು?" ಎಂದಳು ಹಿರಿಯಳು.

"ಇರುವೆ ಸಂಸಾರ ಸಮೇತ ಬಂದ ಹಾಗೆ, ಅಕ್ಕಾ."

ಹಿರಿಯಳ ಮುಖ ಸುಟ್ಟ ಬ್ರೆಡ್ಡಾಯಿತು. "ಕಾಲುಗಂಟೆ ಅಲ್ಲಾಡಬೇಡಿ," ಎಂದು ಕಿರಿಯಳು ಆಚೆ ಹೋದದ್ದೇ ತಡ, ಹಿರಿಯಳು ಬಲಗೈ ಹಿಡಿದು, "ಉರೀತಿದ್ಯಾ? ಅಯ್ಯೋ ಪಾಪ," ಎಂದು ರಸದ ಹನಿಗಳನ್ನೆಲ್ಲ ಒರೆಸಿ, ತುರಿಕೆಯ ಮುಲಾಮು ಬಳಿದು, ತಾಯಿಯಂತೆ ಊದಿದಳು.

"ಈಗ ಹೇಳು, ಯಾವುದು ಹಿತ?"

"ನಿಮ್ಮದೇ ಅಕ್ಕಾ," ಎಂದ ಸೀನಪ್ಪ, ನಿಜವನ್ನೇ.

ಕಾಲುಗಂಟೆಯ ಮೇಲೆ ಎಡಗೈಯಲ್ಲಿ ಗೋದಿಯ ಜಾಗ ಅಂಗಿಯ ಗುಂಡಿಯಷ್ಟು ಉಬ್ಬಿತ್ತು. ಬಲಗೈ ಹಸುಗೂಸಿನ ಕೆನ್ನೆಯಂತಿತ್ತು. ಡಾಕ್ಟರು ಎರಡನ್ನೂ ನೋಡಿ ಗಲ್ಲ ಕೆರೆದುಕೊಂಡರು.

"ಬಾಚಣಿಗೆ ಹಿತ, ಅದಂತೂ ಖಚಿತ. ನಿಖರ ಯಾವುದು ಅಂತ ಇನ್ನೊಂದು ಸಲ ನೋಡೋಣ. ಮುಂದಿನ ತಿಂಗಳು ಬಾ."

ಮುಂದಿನ ತಿಂಗಳವರೆಗೆ ಉಸಿರಿರುತ್ತದೆಂಬ ಭರವಸೆ ಸೀನಪ್ಪನಿಗಿರಲಿಲ್ಲ. ದದ್ದು ಇಳಿಯುವ ಮುಂಚೆ ಬೇಕರಿಗೆ ಓಡಿ, ಏದುಸಿರು ಬಿಡುತ್ತಾ ಎಡಗೈ ಚಾಚಿದ. ಮಾಲೀಕ ನ್ಯಾಯಾಧೀಶನಂತೆ ಕನ್ನಡಕ ಏರಿಸಿದ.

"ಆ ಕೈನೂ ತೋರ್ಸು."

ತೋರಿಸಿದ.

"ಎರಡಕ್ಕೂ ಅದೇ ಹಿಟ್ಟಾ?"

"ಅದೇ, ಧಣಿ."

"ಎಡಗೈಗೆ ಹಿಟ್ಟು ಆಗಲ್ಲ. ಒಪ್ಕೊಂಡೆ. ನಾನೇನು ಕಟುಕ ಅಲ್ಲ."

ಸೀನಪ್ಪನ ಕಣ್ಣು ತುಂಬಿ ಬಂತು.

"ಬಲಗೈಗೆ ಏನೂ ಆಗಿಲ್ಲ ತಾನೇ?"

"ಇಲ್ಲ..."

"ಹಾಗಾದ್ರೆ ಇವತ್ತಿಂದ ಬಲಗೈಲೇ ನಾದು."

ಸೀನಪ್ಪ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಹಿಟ್ಟಿನ ಕೋಣೆಗೆ ಹೋದ. ಒಂದೇ ಕೈಯ ಕೆಲಸವಾದ್ದರಿಂದ ಅಲ್ಲಿ ಎರಡರಷ್ಟು ಹೊತ್ತು ಇರಬೇಕಾಯಿತು.