ಫೋನಿಗೆ ಬಟ್ಟೆ ತೊಡಿಸುವ ಭಾವ

ನಮ್ಮ ಅಕ್ಕನ ಸೀರೆಗಳಿಗಿಂತ ನಮ್ಮ ಭಾವನ ಫೋನಿನ ಬಟ್ಟೆಗಳೇ ಹೆಚ್ಚು. ನಂಬಿಕೆ ಬರದಿದ್ದರೆ ಚಳ್ಳಕೆರೆಗೆ ಬಂದು ಅವರ ಮನೆಯ ಬೀರು ತೆಗೆಸಿ ನೋಡಿ. ಮೇಲಿನ ಅರೆಗಳಲ್ಲೆಲ್ಲ ಫೋನಿನ ಕವರುಗಳು, ಕೆಳಗಿನ ಒಂದೇ ಒಂದು ಅರೆಯಲ್ಲಿ ಅಕ್ಕನ ಸಂಸಾರ. ಮದುವೆ ಮನೆಗೆ ಹೊರಡಬೇಕೆಂದರೆ ಅಕ್ಕ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಸಿದ್ಧಳಾಗಿರುತ್ತಾಳೆ. ಫೋನಿಗೆ ಕಂದು ಚರ್ಮದ್ದು ಹಾಕುವುದೋ ನೀಲಿ ರಬ್ಬರಿನದೋ ಎಂದು ಭಾವ ತೀರ್ಮಾನಿಸುವಷ್ಟರಲ್ಲಿ ಅಲ್ಲಿ ಮುಹೂರ್ತ ಮುಗಿದು, ಎರಡನೇ ಪಂಕ್ತಿ ಎದ್ದು, ಪಾಯಸದ ತಳ ಕಾಣಿಸಿರುತ್ತದೆ.

ಭಾವ ನಾಯಕನಹಟ್ಟಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೊರಳಿನ ವಿಷಲ್ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಈಗ ಅವರದೊಂದು ವಿಡಿಯೊ ಚಾನೆಲ್ ಇದೆ. ಅದರಲ್ಲಿ ಫೋನಿನ ವಿಚಾರ ಬರುವುದೇ ಇಲ್ಲ. ಫೋನಿನ ಬೆನ್ನಿಗೆ ಹಾಕುವ ಕವರು, ಮುಖಕ್ಕೆ ಅಂಟಿಸುವ ಗಾಜು, ಇವೆರಡರ ಗುಣದೋಷ ವಿಚಾರಣೆ ಮಾತ್ರ. ನೋಡುವವರಲ್ಲಿ ಮುಕ್ಕಾಲು ಪಾಲು ಅವರ ಹಳೆಯ ವಿದ್ಯಾರ್ಥಿಗಳು. ನೋಡದಿದ್ದರೆ ಈಗಲೂ ಮೈದಾನ ಸುತ್ತಿಸುತ್ತಾರೇನೋ ಎಂಬ ಭಯ ಇರಬೇಕು!

"ಫೋನಿನ ಬಗ್ಗೆ ಊರೆಲ್ಲ ಮಾತಾಡ್ತೈತೆ ಕಣಲೇ. ಅದರ ಮೈ ಕಾಯೋನ ಬಗ್ಗೆ ಯಾರು ಮಾತಾಡ್ತಾರೆ?" ಎಂದು ನನ್ನನ್ನು ಕೇಳುತ್ತಾರೆ. ಭಾಮೈದನಾದವನು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದು. ಕೊಟ್ಟರೆ ಊಟ ತಡವಾಗುತ್ತದೆ.

ಇದೆಲ್ಲ ಶುರುವಾದದ್ದು ಒಂದು ಬಸ್ಸಿನಲ್ಲಿ. ನಿವೃತ್ತಿಯ ಹೊಸದರಲ್ಲಿ ಭಾವ ನಾಯಕನಹಟ್ಟಿಯಿಂದ ಬರುತ್ತಿದ್ದಾಗ ಬೂಟಿನ ಲೇಸು ಕಟ್ಟಲು ಬಗ್ಗಿದರು. ಜೇಬಿನ ಫೋನು ಜಾರಿ ಬಿತ್ತು, ಗಾಜು ಜೇಡರ ಬಲೆಯಂತಾಯಿತು. ಬಸ್ಸಿಳಿದವರು ಮನೆಗೂ ಹೋಗದೆ ನೇರ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ನುಗ್ಗಿದರು. ಅಂಗಡಿಯವರನ್ನು ಊರೆಲ್ಲ ಭಾಯ್ ಎಂದೇ ಕರೆಯುವುದು.

"ಏನ್ ಭಾಯ್, ಈ ಕವರ್ ಹಾಕಿದ್ರೆ ಒಡೆಯಲ್ಲ ಅಂದಿದ್ರಲ್ಲ?"

ಭಾಯ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಶಾಂತವಾಗಿ ಹೇಳಿದರು: "ಕವರ್ ಎಲ್ಲಿ ಒಡೆದೈತೆ, ತೋರ್ಸ್ರಿ ಮೇಷ್ಟ್ರೇ."

ಆ ಒಂದು ಮಾತಿಗೆ ಭಾವನ ಜೀವನದ ದಿಕ್ಕೇ ಬದಲಾಯಿತು. ಇನ್ನು ಮುಂದೆ ಈ ತಾಲ್ಲೂಕಿನಲ್ಲಿ ಯಾವ ಕವರೂ ತನ್ನ ಪರೀಕ್ಷೆಯಲ್ಲಿ ಪಾಸಾಗದೆ ಯಾರ ಜೇಬಿಗೂ ಹೋಗಕೂಡದು ಎಂದು ನಿಶ್ಚಯಿಸಿದರು. ಸತ್ತ ಫೋನುಗಳನ್ನು ಸಂಗ್ರಹಿಸಿದರು. ಮಂಚ, ಅಡುಗೆಕಟ್ಟೆ, ಕಾಂಪೌಂಡು, ತಾರಸಿ, ಹೀಗೆ ಎತ್ತರಗಳನ್ನು ಗೊತ್ತುಮಾಡಿದರು. ವಿಷಲ್ ಊದಿದರೆ ಫೋನು ಬೀಳಬೇಕು. ಬೀಳಿಸುವ ಕೆಲಸ ಅಕ್ಕನದು. ಒಮ್ಮೆ ಒಗ್ಗರಣೆ ಹಾಕುವಾಗ ಹೊರಗೆ ಯಾರೋ ವಿಷಲ್ ಊದಿದರೆಂದು ಅಕ್ಕ ಕೈಯಲ್ಲಿದ್ದ ಸೌಟನ್ನೇ ಬಿಟ್ಟಳಂತೆ!

ಒಂದು ಸಲ ಭಾಯ್ ದಪ್ಪನೆಯ ಕಪ್ಪು ಕವರೊಂದನ್ನು ಮುಂದಿಟ್ಟು, "ಇದು ಮಿಲಿಟರಿ ಮಾಲು ಮೇಷ್ಟ್ರೇ, ಎಲ್ಲಿಂದ ಬಿದ್ರೂ ಏನೂ ಆಗಲ್ಲ" ಎಂದರು.

"ಯಾವ ರೆಜಿಮೆಂಟು?"

"ಹೋಲ್‌ಸೇಲ್ ರೆಜಿಮೆಂಟ್ ರೀ."

ಮಂಚದಿಂದ ಬಿದ್ದಾಗ ಅದಕ್ಕೆ ಏನೂ ಆಗಲಿಲ್ಲ. ಅಡುಗೆಕಟ್ಟೆಯಿಂದ ಬಿದ್ದಾಗಲೂ ಆಗಲಿಲ್ಲ. ತಾರಸಿಯಿಂದ ಬಿಟ್ಟಾಗ ಅರ್ಧ ದಾರಿಯಲ್ಲೇ ಕವರು ಫೋನನ್ನು ಬಿಟ್ಟು ತನ್ನ ಪಾಡಿಗೆ ತಾನು ತುಳಸಿಕಟ್ಟೆಯ ಮೇಲೆ ಇಳಿಯಿತು. ಫೋನು ಚಪ್ಪಡಿಗೆ ಬಡಿದು ಚೂರಾಯಿತು. ಅಂದಿನ ವಿಡಿಯೊದಲ್ಲಿ ಭಾವ ಕೊಟ್ಟ ತೀರ್ಪು ಒಂದೇ ಸಾಲಿನದು: "ಸಿಪಾಯಿ ಬದುಕ್ಕಂಡ, ಕೋಟೆ ಬಿತ್ತು."

ಬಿಸಿಲಿನ ಪರೀಕ್ಷೆಗಂತೂ ಚಳ್ಳಕೆರೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆಲ್ಲಿದೆ? ಪಾರದರ್ಶಕ ಕವರುಗಳನ್ನು ಭಾವ ತಾರಸಿಯಲ್ಲಿ ಒಣಹಾಕಿದರು. ಪಕ್ಕದಲ್ಲೇ ಅಕ್ಕ ಹಪ್ಪಳ ಒಣಹಾಕಿದ್ದಳು. ಕವರುಗಳು ಹಳದಿಗೆ ತಿರುಗಿ ಅಂಚು ಸುರುಟಿಕೊಂಡವು. ಸಂಜೆ ಅಕ್ಕ ಎಲ್ಲವನ್ನೂ ಬಾಚಿ ಡಬ್ಬಿಗೆ ತುಂಬಿದಳು. ಮರುದಿನ ಊಟಕ್ಕೆ ಕುಳಿತಿದ್ದ ನನ್ನ ಪುಣ್ಯ, ಎಣ್ಣೆಗೆ ಬೀಳುವ ಮೊದಲು ಅವಳಿಗೆ ಅದರಲ್ಲಿ ಕ್ಯಾಮೆರಾದ ತೂತು ಕಾಣಿಸಿತು. ಭಾವ ಇದನ್ನೂ ವಿಡಿಯೊದಲ್ಲಿ ಸೇರಿಸಿದರು: "ಬಿಸಿಲಿಗೆ ಹಳದಿ ಆಗ್ತೈತೆ. ಹಪ್ಪಳದ ಡಬ್ಬಿಯಿಂದ ದೂರ ಇಡ್ರಿ."

ಗಾಜು ಅಂಟಿಸುವುದು ಇನ್ನೂ ದೊಡ್ಡ ವ್ರತ. ಒಂದು ಕಣ ಧೂಳು ಕೂತರೂ ಅಡಿಯಲ್ಲಿ ಗುಳ್ಳೆ ಏಳುತ್ತದೆ. ನಮ್ಮ ಊರಿನಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ? ಬಹಳ ಹುಡುಕಿ ಭಾವ ಬಚ್ಚಲುಮನೆಯನ್ನು ಆರಿಸಿಕೊಂಡರು. ಬಿಸಿನೀರು ಬಿಟ್ಟು, ಆವಿಯಲ್ಲಿ ಧೂಳು ಕೂತ ಮೇಲೆ, ಅಂಗಿ ಬನಿಯನ್ನು ಕಳಚಿ, ಬಾಗಿಲು ಹಾಕಿಕೊಂಡು ಕೂರುತ್ತಾರೆ. ಒಮ್ಮೆ ಹೀಗೆ ಕೂತಿದ್ದಾಗ ದೊಡ್ಡಉಳ್ಳಾರ್ತಿಯಿಂದ ದೂರದ ನೆಂಟರು ಲಗ್ನಪತ್ರಿಕೆ ಕೊಡಲು ಬಂದರು. ಭಾವನ ಕೈಗೇ ಕೊಡಬೇಕೆಂದು ಕಾದರು, ಕಾಫಿ ಕುಡಿದರು, ಮತ್ತೆ ಕಾದರು. ಅಕ್ಕ ಹೋಗಿ ಬಾಗಿಲು ಬಡಿದಳು.

"ಬರ್ತೀನಿ ತಡಿಯೇ, ಇನ್ನೊಂದು ಗುಳ್ಳೆ ಉಳಕಂಡೈತೆ," ಎಂದು ಒಳಗಿನಿಂದ ಧ್ವನಿ ಬಂತು. "ಒತ್ತಿದ್ರೂ ಹೋಗ್ತಿಲ್ಲ."

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪತ್ರಿಕೆಯನ್ನು ದೇವರ ಮುಂದಿಟ್ಟು ಎದ್ದು ಹೋದರು. ಮರುದಿನದಿಂದ ಫೋನೋ ಫೋನು. "ಗುಳ್ಳೆ ಎಲ್ಲಿ ಎದ್ದೈತೆ, ಕೂರೋಕಾಗ್ತೈತಾ?" ಎಂದು ಕೇಳುವವರೊಬ್ಬರು, ಬೇವಿನೆಲೆ ಅರೆದು ಹಚ್ಚಲು ಹೇಳುವವರು ಇನ್ನೊಬ್ಬರು. ಆ ಮದುವೆಯಲ್ಲಿ ಭಾವನಿಗೆ ಮೆತ್ತನೆಯ ಕುರ್ಚಿ ಹಾಕಿ ಕೂರಿಸಿದರು. ಅವರು ಬೇಡವೆನ್ನಲಿಲ್ಲ.

ಇಷ್ಟು ಹೊತ್ತು ನಗಿಸಿಕೊಂಡು ಬಂದ ಈ ಮನುಷ್ಯ ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮೊಂಡು ಹಿಡಿದರು. ಕಾರಣ ಅವರ ಒಡಹುಟ್ಟಿದ ಅಕ್ಕ. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತೇವೆ. ಮೊಳಕಾಲ್ಮೂರಿನಲ್ಲಿ ಮಗನ ಜೊತೆ ಇದ್ದಾರೆ, ರೇಷ್ಮೆ ಸೀರೆ ನೇಯುವವರು. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳಿಸದು, ಮಾತೂ ಬಾರದು. ಅಕ್ಕ ತಮ್ಮ ಇಬ್ಬರೂ ಸಣ್ಣವರಿದ್ದಾಗಲೇ ಕೈಯಲ್ಲಿ ಒಂದು ಭಾಷೆ ಕಟ್ಟಿಕೊಂಡಿದ್ದರು. ಅದು ಯಾವ ಶಾಲೆಯದೂ ಅಲ್ಲ, ಆ ಮನೆಯದು.

ಮಗ ಒಂದು ಟ್ಯಾಬ್ ತಂದುಕೊಟ್ಟ ಮೇಲೆ ದೊಡ್ಡಕ್ಕ ದಿನವೂ ವಿಡಿಯೊ ಕರೆ ಮಾಡುತ್ತಿದ್ದರು. ಈ ಕಡೆ ನಮ್ಮ ಅಕ್ಕ ಫೋನು ಹಿಡಿದು ನಿಲ್ಲುತ್ತಿದ್ದಳು, ಭಾವ ಎರಡೂ ಕೈಯಲ್ಲಿ ಮಾತಾಡುತ್ತಿದ್ದರು. ಆ ಕಡೆ ಮಗ ಇದ್ದರೆ ಹಿಡಿಯುತ್ತಿದ್ದ. ಇಲ್ಲದಿದ್ದರೆ ದೊಡ್ಡಕ್ಕನೇ ಎಡಗೈಯಲ್ಲಿ ಟ್ಯಾಬ್ ಹಿಡಿದು ಬಲಗೈಯೊಂದರಲ್ಲೇ ಮಾತಾಡಬೇಕಿತ್ತು.

ಆಗ ಇಬ್ಬರ ನಡುವೆ ಒಂದು ಸಣ್ಣ ಜಗಳ ನಡೆದಿತ್ತು. ಮಂಡಿನೋವಿನಲ್ಲಿ ಮಗ್ಗದ ಗುಂಡಿಗೆ ಇಳಿಯಬೇಡ, ನೇಯ್ಗೆ ಬಿಡು ಎಂದು ಭಾವ ಒತ್ತಾಯಿಸಿದ್ದರು. ದೊಡ್ಡಕ್ಕ ಮುಖ ತಿರುಗಿಸಿದ್ದರು. ಎರಡು ದಿನ ಬಿಟ್ಟು ಅವರ ಕರೆ ಬಂತು. ಮಗ ಮನೆಯಲ್ಲಿರಲಿಲ್ಲ. ಪರದೆಯ ಮೇಲೆ ಒಂದೇ ಕೈ ಎರಡು ಸಲ ಆಡಿತು. ಭಾವ ನೋಡಿದರು, ನಮ್ಮ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಆರಿಸಿದರು.

"ಏನಂದ್ರು?" ಎಂದಳು ಅಕ್ಕ.

"ಸಾಕು, ಹೋಗು ಅಂದ್ಳು."

ಅಂದಿನಿಂದ ಮೊಳಕಾಲ್ಮೂರಿನ ಕರೆ ಬಂದರೆ ಭಾವ ಎತ್ತುತ್ತಿರಲಿಲ್ಲ. "ಟೆಸ್ಟಿಂಗ್ ಐತೆ" ಎನ್ನುತ್ತಿದ್ದರು. ಹಬ್ಬಕ್ಕೂ ಹೋಗಲಿಲ್ಲ. ವಿಡಿಯೊಗಳಲ್ಲಿ ಕವರುಗಳನ್ನು ಎಷ್ಟು ಕಟುವಾಗಿ ಬೈಯತೊಡಗಿದರೆಂದರೆ, "ಮೇಷ್ಟ್ರಿಗೆ ಆರಾಮಿಲ್ವಾ?" ಎಂದು ಭಾಯ್ ನನ್ನನ್ನೇ ವಿಚಾರಿಸಿದರು.

ಮಳೆಗಾಲ ಕಳೆದ ಮೇಲೆ ದೊಡ್ಡಕ್ಕನ ಮಗ ಏನೋ ಕೆಲಸಕ್ಕೆಂದು ಚಳ್ಳಕೆರೆಗೆ ಬಂದವನು ಮನೆಗೂ ಬಂದ. ನೀರು ಕುಡಿದು, "ಯಾಕ್ ಮಾವ, ಬರೋದೇ ಬಿಟ್ಬಿಟ್ಟೆ? ಅವ್ವ ದಿನಾ ಬಾಗಿಲು ನೋಡ್ತಾಳೆ," ಎಂದ.

"ಹೋಗು ಅಂದೋಳು ಅವಳೇ."

"ಯಾವಾಗ?"

ಭಾವ ಬಲಗೈ ಎತ್ತಿ ತೋರಿಸಿದರು. ಮೊದಲು ಸಾಕು. ಆಮೇಲೆ ಕೈಯನ್ನು ಪಕ್ಕಕ್ಕೆ ತಳ್ಳಿ, ಹೋಗು.

ಅವನು ಆ ಕೈಯನ್ನೇ ನೋಡಿದ. ಆಮೇಲೆ ತಾನೂ ಬಲಗೈಯನ್ನು ಹಾಗೇ ಪಕ್ಕಕ್ಕೆ ತಳ್ಳಿದ, ಎಡಗೈಯಿಂದ ಏನನ್ನೋ ಹಿಡಿದಂತೆ ಮಾಡಿ ಮತ್ತೆ ಬಲಕ್ಕೆ ತಳ್ಳಿದ. ಮಗ್ಗದಲ್ಲಿ ಲಾಳಿ ಓಡುವ ಹಾಗೆ.

"ಇದು ಹೋಗು ಅಲ್ಲ ಮಾವ, ಮಗ್ಗ. ಮಗ್ಗ ಸಾಕು ಅಂದಿದಾಳೆ. ನಿನ್ನ ಮಾತು ಕೇಳಿ ಅವತ್ತೇ ನೇಯ್ಗೆ ಬಿಟ್ಲು. ಎಡಗೈಯಾಗೆ ಟ್ಯಾಬ್ ಇತ್ತಲ್ಲ, ಅರ್ಧ ಮಾತು ನಿಂಗೆ ಕಾಣಿಸಿಲ್ಲ."

ಭಾವ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ನನಗೆ, "ಚಪ್ಪಲಿ ಹಾಕ್ಕಳಲೇ, ಭಾಯ್ ಅಂಗಡಿಗೆ ಹೋಗ್ಬೇಕು," ಎಂದರು.

ಅಂದು ಅವರು ಏನನ್ನೂ ಬೀಳಿಸಲಿಲ್ಲ, ವಿಷಲ್ ಊದಲಿಲ್ಲ. ಹಿಂದೆ ಕಾಲು ಇರುವ, ತಾನೇ ನಿಲ್ಲುವಂಥ ಟ್ಯಾಬ್ ಕವರುಗಳನ್ನೆಲ್ಲ ಇಳಿಸಲು ಹೇಳಿದರು. ಒಂದೊಂದನ್ನೂ ಅಂಗಡಿಯ ಟ್ಯಾಬಿಗೆ ಹಾಕಿ ಕೌಂಟರಿನ ಮೇಲೆ ನಿಲ್ಲಿಸಿ, ಹಿಂದಕ್ಕೆ ಸರಿದು, ಅದರ ಎದುರು ಎರಡೂ ಕೈ ಆಡಿಸಿದರು. ಮೆತ್ತಗಿನ ಹಾಸಿಗೆಯ ಮೇಲೆ ನಿಲ್ಲುತ್ತದೆಯೇ ಎಂದು ಭಾಯ್ ಕೂರುವ ದಿಂಬಿನ ಮೇಲೂ ಇಟ್ಟು ನೋಡಿದರು. ದಾರಿಹೋಕರು ನಿಂತು ನಗುತ್ತಿದ್ದರು. ಭಾಯ್ ನಗಲಿಲ್ಲ. ಗಾಳಿಗೆ ಟ್ಯಾಬ್ ಅಲುಗುತ್ತಿದೆಯೆಂದು ಫ್ಯಾನ್ ಆರಿಸಿದರು. ಪಕ್ಕದಿಂದ ನೋಡಿದರೆ ಪರದೆ ಕಪ್ಪಗೆ ಕಾಣುವ ಫಿಲಂ ಬೇಡ, ಮಂಕು ಫಿಲಂ ಬೇಡ, ಬೆರಳು ಬೆರಳೂ ಕಾಣಬೇಕು ಎಂದು ಭಾವ ಹೇಳಿದಾಗ, ಭಾಯ್ ತಾವೇ ಒಂದನ್ನು ಆರಿಸಿಕೊಟ್ಟರು. "ಇದನ್ನ ಹಾಕ್ರಿ ಮೇಷ್ಟ್ರೇ. ಗಾಜೇ ಇಲ್ದಂಗೆ ಕಾಣ್ತೈತೆ."

ಮರುದಿನ ಬೆಳಿಗ್ಗೆ ಭಾವ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಮೊಳಕಾಲ್ಮೂರಿನ ಮನೆಯಲ್ಲಿ ದೊಡ್ಡಕ್ಕ ಮಂಚದ ಮೇಲೆ ಕೂತಿದ್ದರು. ಭಾವ ಅವರ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಟ್ಯಾಬಿಗೆ ಫಿಲಂ ಅಂಟಿಸಿದರು, ಕವರು ಹಾಕಿದರು, ಎದುರಿನ ಸ್ಟೂಲಿನ ಮೇಲೆ ನಿಲ್ಲಿಸಿದರು. ಆಮೇಲೆ ನನ್ನನ್ನು ಬೀದಿಗೆ ಕರೆತಂದು, ಫೋನು ನನ್ನ ಕೈಗೆ ಕೊಟ್ಟು, "ಕರೆ ಮಾಡು, ನೆಟ್ಟಗೆ ಹಿಡಿ," ಎಂದರು.

ದೊಡ್ಡಕ್ಕ ಪರದೆಯ ಮೇಲೆ ಬಂದರು. ಎರಡೂ ಕೈ ಎದೆಯ ಮಟ್ಟಕ್ಕೆ ಬಂದವು. ಆ ಕೈಗಳು ಆಡತೊಡಗಿದವು. ನನಗೆ ಒಂದಕ್ಷರ ತಿಳಿಯಲಿಲ್ಲ. ಅಷ್ಟು ತಿಂಗಳ ಮಾತು ಒಟ್ಟಿಗೆ ಬರುತ್ತಿದೆ ಎಂಬುದಷ್ಟೇ ತಿಳಿಯಿತು. ಭಾವ ಬೀದಿಯ ನಡುವೆ ನಿಂತು ಉತ್ತರ ಕೊಡುತ್ತಿದ್ದರು. ನೀರು ಹಿಡಿಯಲು ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು.

"ಏನಂತಾರೆ ಭಾವ?"

"ಸೊರಗಿದೀಯ ಅಂತಾಳೆ. ಸಿಟ್ಟು ಬಂದ್ರೆ ಊಟ ಬಿಡ್ತಾರೇನೋ ಕತ್ತೆ ಅಂತಾಳೆ."

ಅಷ್ಟರಲ್ಲಿ ಪರದೆಯಲ್ಲಿ ದೊಡ್ಡಕ್ಕ ಕಾಣದಾದರು. ಖಾಲಿ ಮಂಚ, ಹಿಂದೆ ಗೋಡೆ, ಅಷ್ಟೇ.

"ಸ್ಟ್ಯಾಂಡ್ ಬಿತ್ತೇನೋ," ಎಂದು ಭಾವ ಗಾಬರಿಯಾದರು.

ಸ್ಟ್ಯಾಂಡ್ ಬಿದ್ದಿರಲಿಲ್ಲ. ದೊಡ್ಡಕ್ಕ ಮಂಡಿಯ ಮೇಲೆ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು, ಹೊಸ್ತಿಲು ದಾಟಿ ಬೀದಿಗೇ ಬಂದಿದ್ದರು. ಭಾವ ಇನ್ನೂ ಏನೋ ಹೇಳಲು ಕೈ ಎತ್ತಿದರು. ದೊಡ್ಡಕ್ಕ ಆ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಹಾಗೆ ಹಿಡಿದುಕೊಂಡರೆ ಅವರಿಬ್ಬರಿಗೂ ಮಾತಾಡಲು ಆಗುವುದಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದರು.